ಹಡಿಲು ಗದ್ದೆಗೆ ಸರಕಾರದ ದುಡ್ಡು: ನನ್ನ ಅನುಭವ

ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗೆ ಸಹಾಯಧನ ಸಿಗಲ್ಲ, ಸುಮ್ನೆ ಅಲೆದಾಟ ಅಂತ ನಕ್ಕವರೆಲ್ಲ ಈಗ ಯಾವ ಫಾರಂ, ಯಾವ ಕಾಗದ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆದೆ. ನಾನು ಬೇಸಾಯ ಮಾಡಿದ್ದು ಕಾಸರಗೋಡಿನ ಕುಂಬಳೆ ಕಡೆಯ ಬೈಲು, ಮೂರೆಕ್ರೆ, ಗದ್ದೆ ನನ್ನದಲ್ಲ, ಮೂವರು ಧನಿಗಳದು.

ಧನಿಗಳನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಕೇರಳದಲ್ಲಿ 1970ರ ಭೂಸುಧಾರಣೆಯ ಮೇಲೆ ಹೊಸದಾಗಿ ಗೇಣಿಗೆ ಕೊಡುವ ಹಾಗಿಲ್ಲ, ಗೇಣಿ ಅಂದರೆ ಈಗಲೂ ಜನ ಬೆಚ್ಚುತ್ತಾರೆ. 'ನಾಳೆ ಗದ್ದೆ ನಂದು ಅಂತ ಕೂತ್ರೆ?' ಅಂತ ಮುಂಬೈಯಲ್ಲಿರುವ ಧನಿ ಮುಖಕ್ಕೇ ಕೇಳಿದರು. ನಾನು ರಾಯಲ್ಟಿಯ ಮಾತು ತೆಗೆದೆ. ಗದ್ದೆಯನ್ನು ಗದ್ದೆಯಾಗಿ ಉಳಿಸಿದವರಿಗೆ ಸರಕಾರ ಕೊಡುವ ದುಡ್ಡು ಅದು, ಮೊದಲು ಹೆಕ್ಟೇರಿಗೆ 2,000 ಇತ್ತು, ಆಮೇಲೆ 3,000 ಆಯಿತು. ಸಣ್ಣ ಮೊತ್ತವೇ. ಆದರೆ ಅರ್ಜಿ ಧನಿಯ ಹೆಸರಲ್ಲಿ, ತೀರ್ವೆಯ (ಭೂಕಂದಾಯದ) ರಶೀದಿ ಧನಿಯದು, ದುಡ್ಡು ಹೋಗುವುದೂ ಅವರ ಖಾತೆಗೇ. ಹಾಗಾದ ಮೇಲೆ ಗದ್ದೆ ಯಾರದು ಅಂತ ತಕರಾರು ಎಲ್ಲಿ, ಅಲ್ವಾ? ಒಪ್ಪಿಗೆ ಪತ್ರಕ್ಕೆ ರುಜು ಬಿತ್ತು. ಆ ಪತ್ರದ ಒಕ್ಕಣೆ ಮಾತ್ರ ಇಲ್ಲಿ ಹಾಕುವುದಿಲ್ಲ, ಬೇಕಾದವರು ಮನೆಗೆ ಬನ್ನಿ.

ಕಾಡು ಕಡಿಯುವ ಮೊದಲು ಫೋಟೊ ತೆಗೆದಿಡಿ. ಸಹಾಯಧನದ ಅರ್ಜಿ ಹಾಕಿದ ಮೇಲೆ ಗದ್ದೆ ನೋಡಲು ಬಂದವರು ನೆಟ್ಟ ಹಸಿರು ನೇಜಿ ನೋಡಿ 'ಇದು ಹಡಿಲು ಅಂತ ಹೇಗೆ ನಂಬುವುದು?' ಅಂದರು, ಗದ್ದೆ ತುಂಬ ಬೆಳೆದಿದ್ದ ಮುಂಡೇವಿನ (ಮುಳ್ಳೆಲೆಯ ಕೇದಗೆ ಜಾತಿಯ ಗಿಡ) ಬಲ್ಲೆಯ ಫೋಟೊ ತೋರಿಸಿದ ಮೇಲೆಯೇ ಬರೆದುಕೊಂಡದ್ದು. ಫಾರಂ ಮಲಯಾಳದಲ್ಲಿ ಇರುತ್ತದೆ, ಶಾಲೆಗೆ ಹೋಗುವ ಮಕ್ಕಳನ್ನು ಹಿಡಿದು ಓದಿಸಿ.

ಎಕ್ರೆಗೆ ಖರ್ಚು 30,000 ದಾಟಿತು. ಮುಂಡೇವಿನ ಬುಡ ತೆಗೆಸಲು ಜೇಸಿಬಿಗೇ ಜಾಸ್ತಿ ಹೋದದ್ದು. ರಾಯಲ್ಟಿ ಬೇರೆ, ಹಡಿಲು ಗದ್ದೆ ಬೇಸಾಯದ ಸಹಾಯಧನ ಬೇರೆ; ಆ ಸಹಾಯಧನ ನನ್ನ ಪಾಲಿಗೆ ಎಕ್ರೆಗೆ 14,000ದ ಹತ್ತಿರ, ಅದೂ ಏಣಿಲು (ಮಳೆಗಾಲದ ಮೊದಲ ಬೆಳೆ) ಕೊಯ್ದು ಸುಗ್ಗಿಗೆ (ಎರಡನೇ ಬೆಳೆಗೆ) ಬಿತ್ತಿದ ಮೇಲೆ ಬಂತು. ಅದನ್ನು ನಂಬಿ ಸಾಲ ಮಾಡಬೇಡಿ. ಮೊದಲ ಏಣಿಲಿನಲ್ಲಿ ಅರ್ಧ ಹಂದಿಗೆ, ಉಳಿದದ್ದರಲ್ಲಿ ನವಿಲಿಗೊಂದು ಪಾಲು. ಕೊಯ್ಯುವ ಮೆಷಿನು ಕೆಸರಲ್ಲಿ ಹೂತು, ಎಳೆಯುವ ಹೊತ್ತಿಗೂ ಬಾಡಿಗೆ ಓಡುತ್ತಿತ್ತು.

ಸರಕಾರದ ಪರವಾಗಿ ಭತ್ತ ಕೊಳ್ಳುವ ಸಪ್ಲೈಕೊಗೆ ಕೊಡಲು ಹೆಸರು ನೋಂದಾಯಿಸಿದ್ದೆ, ಆಗ ಕಿಲೋಗೆ 28 ರೂಪಾಯಿ 20 ಪೈಸೆ. ತೇವ 17 ಶೇಕಡಕ್ಕಿಂತ ಹೆಚ್ಚಿರಬಾರದು. ನಮ್ಮ ಮಳೆಗೆ ಅಂಗಳದಲ್ಲಿ ಅಷ್ಟು ಒಣಗಬೇಕಲ್ಲ! ಬಿಟ್ಟುಬಿಟ್ಟೆ. ಬೇಯಿಸಿ ಕುಚ್ಚಲಕ್ಕಿ ಮಾಡಿ ಊರಲ್ಲೇ ಕಿಲೋಗೆ 70ರ ಹಾಗೆ ಮಾರಿದೆ, ಸುಗ್ಗಿಯ ಹೊತ್ತಿಗೆ ಲೆಕ್ಕ ಸರಿಯಾಯಿತು, ಕೈಯಲ್ಲಿ ಸ್ವಲ್ಪ ಉಳಿಯಿತು ಕೂಡ.

ನಡುವೆ ಇನ್ನೊಂದು ಮರುಳು. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರಲ್ಲ, ಅವರ ಹಾಗೆ ನಾನೂ ಗ್ರೋಬ್ಯಾಗಿನಲ್ಲಿ (ಗಿಡ ಬೆಳೆಸುವ ಚೀಲದಲ್ಲಿ) ರಾಜಕಯಮೆ ತಳಿ ಹಾಕಿದೆ. ಚೀಲದಲ್ಲಿ ಚೆನ್ನಾಗಿ ತೆನೆ ಬಂತು. ಗದ್ದೆಗೆ ಇಳಿಸಿದ್ದು ಗಾಳಿಗೆ ಅಡ್ಡ ಬಿತ್ತು, ಆದರೆ ಬೈಹುಲ್ಲು ಎಷ್ಟು ಉದ್ದ! ಹಟ್ಟಿ ಇರುವವರು ಬಂದು ಹೊತ್ತುಕೊಂಡು ಹೋದರು. ಬರುವ ಏಣಿಲಿಗೆ ಒಂದು ಗದ್ದೆ ಪೂರ್ತಿ ಅದೇ. ಹಂದಿ ಈಗ ಬರುವುದಿಲ್ಲ, ಯಾಕೆ ಅಂತ ಕೇಳಬೇಡಿ.