ವಖಾರಿ ಲೆಕ್ಕಕ್ಕೊಂದು ಪಾರ್ಸರ್: ತಪ್ಪು ತೋರಿಸಿದ್ದು, ಎರಡರ್ಥ ಹಿಡಿದದ್ದು

ಶಿರಸಿಯ ಒಂದು ಅಡಿಕೆ ವಖಾರಿಗೆ ನಾನು ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ ಲೆಕ್ಕದ ನಿಯಮಗಳು ಕೋಡಿನೊಳಗಿಲ್ಲ. ಹಮಾಲಿ ಎಷ್ಟು, ತೂಕದಲ್ಲಿ ಎಷ್ಟು ಕಳೆಯಬೇಕು, ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಲ್ಲಿ ಯಾವುದಕ್ಕೆ ಹೇಗೆ ಎಂಬುದನ್ನೆಲ್ಲ ಲೆಕ್ಕ ಬರೆಯುವವರೇ ಕನ್ನಡದಲ್ಲಿ ಸಾಲು ಸಾಲಾಗಿ ಟೈಪ್ ಮಾಡುತ್ತಾರೆ. ಪ್ರೋಗ್ರಾಂ ಅದನ್ನು ಓದಿಕೊಂಡು ಬೆಳೆಗಾರರ ಪಟ್ಟಿ ತೆಗೆಯುತ್ತದೆ. ಸೀಸನ್ನಿನ ನಡುವೆ ಒಂದು ದರ ಬದಲಾಯಿತೆಂದು ನನಗೆ ಫೋನ್ ಬರಬಾರದು ಎಂಬ ಸ್ವಾರ್ಥವೂ ಇದರಲ್ಲಿತ್ತು ಅನ್ನಿ. ಹೀಗೆ ಸಾಲನ್ನು ಬಿಡಿಸಿ ಓದುವ ಕೆಲಸಕ್ಕೆ, ಅಂದರೆ ಪಾರ್ಸರಿಗೆ, ಪೈಥಾನ್‌ನ ಲಾರ್ಕ್ ಲೈಬ್ರರಿ ಹಿಡಿದೆ. ಗ್ರಾಮರ್, ಅಂದರೆ ಸಾಲು ಹೇಗಿರಬೇಕೆಂಬ ವ್ಯಾಕರಣ, ಬರೆಯುವುದು ಬೇಗ ಮುಗಿಯಿತು. ಸಮಯ ತಿಂದದ್ದು ಬೇರೆ ಎರಡು: ಸಾಲು ತಪ್ಪಾದಾಗ ಏನು ಹೇಳುವುದು, ಸಾಲಿಗೆ ಎರಡರ್ಥ ಬಂದಾಗ ಯಾರನ್ನು ಕೇಳುವುದು.

ಲೆಕ್ಕದವರು ನನಗೆ ದೂರದ ಸಂಬಂಧದಲ್ಲಿ ಮಾವ. ಮೊದಲ ದಿನವೇ ಅವರು ಕೊಟ್ಟ ವರದಿ ಇದು: 'ತಮಾ, ತಪ್ಪಾಜು ಹೇಳ್ತು. ಎಲ್ಲಿ ಹೇಳಿ ಹೇಳ್ತಿಲ್ಲೆ.'

ವಾಸ್ತವದಲ್ಲಿ ಲಾರ್ಕ್ ಹೇಳಿತ್ತು. ಸಾಲಿನ ಸಂಖ್ಯೆ, ಕಾಲಂ, ಸಿಕ್ಕ ಟೋಕನ್ (ಪದ, ಸಂಖ್ಯೆಯಂಥ ಒಂದು ತುಣುಕು), ಇಂತಿಂಥ ಟೋಕನ್ ಬರಬಹುದಿತ್ತು ಎಂಬ ಪಟ್ಟಿ ಎಲ್ಲವೂ ಇತ್ತು. ಆದರೆ ಆ ಪಟ್ಟಿಯಲ್ಲಿ ನಾನು ಹೆಸರಿಡದ ಪ್ಯಾಟರ್ನ್‌ಗಳಿಗೆ ಲೈಬ್ರರಿ ತಾನೇ ಇಟ್ಟುಕೊಂಡ 'ಆನಾನ್ 3' ತರದ ಹೆಸರುಗಳು. ಅವು ನನಗೆ ಬೇಕು, ಮಾವನಿಗೆ ಬೇಡ. ಹಾಗಾಗಿ ಮೊದಲು ಪ್ರತಿ ಟೋಕನ್‌ಗೂ ಹೆಸರಿಟ್ಟೆ. ಆಮೇಲೆ ಆ ಹೆಸರಿನಿಂದ 'ದರ', 'ಮಾಲಿನ ಹೆಸರು', 'ಚೀಲದ ಸಂಖ್ಯೆ' ಎಂಬ ಮಾತುಗಳಿಗೆ ಒಂದು ಕೋಷ್ಟಕ ಮಾಡಿದೆ. ಇನ್ನೊಂದು ಸೂಕ್ಷ್ಮವಿದೆ. ಎಲ್‌ಎಎಲ್‌ಆರ್ ಎಂಬ ಬಗೆಯ ಪಾರ್ಸರ್ ಮೊದಲೇ ಕಟ್ಟಿಟ್ಟ ಒಂದು ಟೇಬಲ್ ನೋಡಿಕೊಂಡು, ಒಂದು ಸ್ಟೇಟ್‌ನಿಂದ (ಇಲ್ಲಿಯವರೆಗೆ ಏನು ಓದಿದೆ ಎಂಬ ಸ್ಥಿತಿ) ಇನ್ನೊಂದಕ್ಕೆ ಹೋಗುತ್ತ ಓದುತ್ತದೆ. ಎಲ್‌ಎಎಲ್‌ಆರ್ ಪಾರ್ಸರ್ 'ಬರಬಹುದಿತ್ತು' ಎಂದು ಕೊಡುವ ಪಟ್ಟಿಯಲ್ಲಿ ನಿಜಕ್ಕೂ ಅಲ್ಲಿ ಸಲ್ಲದ ಟೋಕನ್‌ಗಳೂ ಸೇರಿರುತ್ತವೆ, ಟೇಬಲ್ ಚಿಕ್ಕದಾಗಲೆಂದು ಸ್ಟೇಟ್‌ಗಳನ್ನು ಕೂಡಿಸಿರುವುದರಿಂದ. ಒಂದೊಂದನ್ನೂ ಹಾಕಿ ನೋಡಿ ಸಲ್ಲುವುದನ್ನಷ್ಟೇ ಉಳಿಸಿಕೊಡುವ 'ಆಕ್ಸೆಪ್ಟ್ಸ್' ಪಟ್ಟಿ ಲಾರ್ಕ್‌ನಲ್ಲಿ ಬೇರೆ ಇದೆ. ಬಳಸಬೇಕಾದದ್ದು ಅದನ್ನು.

ತಪ್ಪಿನ ಜಾಗದ ಕಥೆ ಇನ್ನೂ ಸ್ವಾರಸ್ಯದ್ದು. 'ಚಾಲಿ ಆದರೆ ಹಮಾಲಿ' ಎಂದು ಬರೆದು ದರ ಬಿಟ್ಟರೆ, ಪಾರ್ಸರ್ ಮುಂದಿನ ಸಾಲಿನ 'ಬೆಟ್ಟೆ'ಯವರೆಗೂ ಹೋಗಿ ಅಲ್ಲಿ ಎಡವುತ್ತದೆ, ಅಲ್ಲೇ ತಪ್ಪು ಎನ್ನುತ್ತದೆ. ಬೆಟ್ಟೆಯ ಸಾಲು ಸರಿಯಾಗಿಯೇ ಇರುತ್ತದೆ. ಅದನ್ನೇ ಎಷ್ಟು ಹೊತ್ತು ನೋಡಿದರೂ ಏನು ಸಿಗಬೇಕು? ಹೊಸ ಸಾಲನ್ನೇ ಒಂದು ಟೋಕನ್ ಮಾಡಿದೆ. ಇದರಿಂದ ಎರಡು ಲಾಭವಾಯಿತು: ತಪ್ಪು ಅದೇ ಸಾಲಿನ ಕೊನೆಯಲ್ಲಿ ಸಿಕ್ಕಿಬೀಳುತ್ತದೆ, ತಪ್ಪಿದ ಮೇಲೆ ಸಾಲಿನ ಕೊನೆಯವರೆಗೆ ಹಾರಿ ಮುಂದಿನದನ್ನು ಓದಬಹುದು. ಸಾಲಿಗೊಂದೇ ದೂರು, ಎಲ್ಲ ಸಾಲಿನದೂ ಒಟ್ಟಿಗೆ. ಒಂದು ತಿದ್ದಿ, ಮತ್ತೆ ಒತ್ತಿ, ಮತ್ತೊಂದು ನೋಡುವ ತಾಳ್ಮೆ ಮಧ್ಯಾಹ್ನದ ಊಟಕ್ಕೆ ಹೊರಟವರಿಗೆ ಇರುವುದಿಲ್ಲ.

ಕನ್ನಡದಲ್ಲೇ ನಿಯಮ ಬರೆಸಿದ್ದರಿಂದ ಬಂದ ತೊಡಕುಗಳು ಬೇರೆ. ಪೈಥಾನ್‌ನ ಸಾದಾ, ಪಠ್ಯದ ಮಾದರಿ ಹುಡುಕುವ ರೆಜೆಕ್ಸ್‌ನಲ್ಲಿ ಅಕ್ಷರಕ್ಕೆಂದು ಇರುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ನಮ್ಮ ಸ್ವರಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. 'ಚಾಲಿ' ಎಂದು ಕೊಟ್ಟರೆ 'ಚ' ತಿಂದು ದೀರ್ಘದ ಹತ್ತಿರ ನಿಂತುಬಿಡುತ್ತದೆ. ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನೇ ನೇರ ಬರೆದು ಅದನ್ನು ದಾಟಿದೆ. ಮುಂದಿನದು ಕಣ್ಣಿಗೇ ಕಾಣದ ತಪ್ಪು. 'ಕ್ವಿಂಟಲ್' ಎಂಬ ಪದದ ಕೊನೆಗೆ ಕೀಬೋರ್ಡು ಒಮ್ಮೊಮ್ಮೆ ಶೂನ್ಯ ಅಗಲದ ಒಂದು ಅಕ್ಷರ ಸೇರಿಸಿರುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಪಾರ್ಸರಿಗೆ ಬೇರೆ ಬೇರೆ. 'ಕ್ವಿಂಟಲ್ ಬರಬೇಕಿತ್ತು, ಕ್ವಿಂಟಲ್ ಬಂದಿದೆ' ಎಂದು ಹೇಳಿಸಿಕೊಂಡವರು ಕಂಪ್ಯೂಟರಿಗೆ ಬೈಯದೆ ಇನ್ನೇನು ಮಾಡುತ್ತಾರೆ! ಪದದ ಕೊನೆಯಲ್ಲಿ ಬರುವ ಇಂಥವನ್ನು ಓದುವ ಮೊದಲೇ ತೆಗೆಯುತ್ತೇನೆ, ಪಠ್ಯವನ್ನು ಯೂನಿಕೋಡಿನ ಏಕರೂಪವಾದ ಎನ್‌ಎಫ್‌ಸಿ ರೂಪಕ್ಕೂ ತರುತ್ತೇನೆ. ಇಲ್ಲದಿದ್ದರೆ ಅಡಿಕೆಯ ಇನ್ನೊಂದು ಬಗೆಯಾದ 'ಕೋಕಾ'ದ ಒಂದೇ ಓತ್ವ ಎರಡು ಮೂರು ಬಗೆಯ ಬೈಟುಗಳಲ್ಲಿ ಬರುತ್ತದೆ.

ತಪ್ಪಿನ ಕೆಳಗೆ ಬಾಣದ ಗುರುತು ಹಾಕುವ ಪದ್ಧತಿಯನ್ನೂ ಬಿಟ್ಟೆ. 'ಕ್ವಿಂಟಲ್' ಕಣ್ಣಿಗೆ 3 ಅಕ್ಷರ, ಪೈಥಾನ್‌ಗೆ 8 ಕೋಡ್ ಪಾಯಿಂಟ್, ಗುಣಿತ, ಹಲಂತ, ಸೊನ್ನೆಯನ್ನೂ ಬಿಡಿಬಿಡಿಯಾಗಿ ಎಣಿಸುವುದರಿಂದ. ಬಾಣ ಪ್ರತಿ ಸಲ ಬಲಕ್ಕೆ ಓಡಿ ಪಕ್ಕದ ಪದವನ್ನು ತೋರಿಸುತ್ತಿತ್ತು. ಈಗ ತಪ್ಪಿದ ಪದವನ್ನೇ ಸಾಲಿನೊಳಗೆ ಕೆಂಪು ಮಾಡಿ ತೋರಿಸುತ್ತೇನೆ. ಕಾಲಂ ಸಂಖ್ಯೆ ಮಾವನಿಗೆ ಹೇಳುವುದೇ ಇಲ್ಲ.

ಮಾತಿನ ಧಾಟಿಗೆ ಲಾರ್ಕ್‌ನ 'ಮ್ಯಾಚ್ ಎಕ್ಸಾಂಪಲ್ಸ್' ಒದಗಿತು. ತಪ್ಪು ಸಾಲುಗಳ ಮಾದರಿಗಳನ್ನೂ ಅವಕ್ಕೆ ತಕ್ಕ ಹೆಸರನ್ನೂ ಕೊಟ್ಟಿಟ್ಟರೆ, ಹೊಸ ತಪ್ಪು ಪಾರ್ಸರಿನ ಯಾವ ಸ್ಟೇಟ್‌ನಲ್ಲಿ ಬಿತ್ತೋ ಅದೇ ಸ್ಟೇಟ್‌ನಲ್ಲಿ ಬಿದ್ದ ಮಾದರಿಯನ್ನು ಅದು ಹುಡುಕಿಕೊಡುತ್ತದೆ. ಈ ಉಪಾಯವನ್ನು ಕಂಪ್ಯೂಟರ್ ವಿಜ್ಞಾನಿ ಕ್ಲಿಂಟನ್ ಜೆಫ್ರಿ 2003ರಲ್ಲೇ, ಎಲ್‌ಎಎಲ್‌ಆರ್ ಕೂಡ ಸೇರುವ ಗುಂಪಿನ ಎಲ್‌ಆರ್ ಪಾರ್ಸರ್‌ಗಳಿಗಾಗಿ ವಿವರಿಸಿದ್ದರು. ನನ್ನ ಮಾದರಿಗಳೆಲ್ಲ ವಖಾರಿಯಲ್ಲಿ ನಿಜವಾಗಿ ಟೈಪ್ ಆದ ತಪ್ಪುಗಳು. ನಾನು ಕೂತು ಊಹಿಸಿ ಬರೆದ ತಪ್ಪುಗಳನ್ನು ಯಾರೂ ಮಾಡಲೇ ಇಲ್ಲ.

ಇನ್ನು ಎರಡರ್ಥ. ಲಾರ್ಕ್‌ನಲ್ಲಿ ಬೇರೇನೂ ಹೇಳದಿದ್ದರೆ ಬರುವುದು ಅರ್ಲೀ ಎಂಬ ಬಗೆಯ ಪಾರ್ಸರ್. ಅದು ಎಂಥ ಗ್ರಾಮರನ್ನೂ ನುಂಗುತ್ತದೆ, ಎರಡು ಮರ (ಸಾಲನ್ನು ಬಿಡಿಸಿ ಓದಿದ ರೂಪ) ಸಿಕ್ಕರೆ ತನ್ನ ಲೆಕ್ಕದಲ್ಲಿ ಒಂದನ್ನು ಆರಿಸಿ ಸುಮ್ಮನಿರುತ್ತದೆ. ಎಲ್‌ಎಎಲ್‌ಆರ್ ಆದರೂ ಶಿಫ್ಟ್-ರೆಡ್ಯೂಸ್ ಜಗಳ (ಮುಂದಿನ ಟೋಕನ್ ಸೇರಿಸಿಕೊಳ್ಳುವುದೇ, ಓದಿದ್ದನ್ನು ಒಂದು ಘಟಕವಾಗಿ ಮುಗಿಸುವುದೇ ಎಂಬ ಗೊಂದಲ) ಬಂದಲ್ಲಿ ಶಿಫ್ಟ್ ಹಿಡಿದು ಮುಂದೆ ಹೋಗುತ್ತದೆ. ಡೀಬಗ್ ಹಚ್ಚದಿದ್ದರೆ ಗೊತ್ತೂ ಆಗುವುದಿಲ್ಲ. ಹಣದ ಲೆಕ್ಕದಲ್ಲಿ ಈ ಮೌನವೇ ಅಪಾಯ. ಸಿಂಟ್ಯಾಕ್ಸ್ ತಪ್ಪಾದರೆ ಪಟ್ಟಿ ಬರುವುದಿಲ್ಲ, ಅಷ್ಟೇ. ಎರಡರ್ಥವಾದರೆ ಪಟ್ಟಿ ಬರುತ್ತದೆ, ಮೊತ್ತ ಬೇರೆ ಇರುತ್ತದೆ.

ಒಂದು ಸಾಲು ನೋಡಿ (ದರಗಳು ಉದಾಹರಣೆಗೆ ಹಾಕಿದವು): 'ಚಾಲಿ ಆದರೆ ಚೀಲ 20 ಮೀರಿದರೆ ಹಮಾಲಿ 8 ಇಲ್ಲದಿದ್ದರೆ ಹಮಾಲಿ 10.' ಆ 'ಇಲ್ಲದಿದ್ದರೆ' ಯಾವುದಕ್ಕೆ? ಅಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾಲದಿಂದ ಇರುವ ಹಳೆಯ ತಕರಾರು. ಶಿಫ್ಟ್ ಹಿಡಿದರೆ ಅದು ಹತ್ತಿರದ 'ಮೀರಿದರೆ'ಗೆ ಅಂಟುತ್ತದೆ, ಸಿ ಭಾಷೆಯಲ್ಲಿ ಆಗುವ ಹಾಗೆ. ಮರ ಬರೆದು ಮಾವನ ಮುಂದಿಟ್ಟರೆ ಪ್ರಯೋಜನವಿಲ್ಲ. ಆದ್ದರಿಂದ ಹೀಗೆ ಮಾಡಿದೆ: ಲಾರ್ಕ್‌ಗೆ ಎರಡರ್ಥವನ್ನು ಮುಚ್ಚಿಡದೆ ಎಲ್ಲ ಮರಗಳನ್ನೂ ಕೊಡು ಎಂದೆ, ವಖಾರಿಯ ನಿಯಮಗಳಿದ್ದ ಹಳೆಯ ನೋಟ್‌ಬುಕ್ಕಿನ ಎಲ್ಲ ಸಾಲುಗಳನ್ನು ಓಡಿಸಿದೆ, ಎರಡು ಮರ ಬಂದ ಸಾಲಿಗೆ ಎರಡರ ಉತ್ತರ ಬೇರೆಯಾಗುವ ಮಾಲೊಂದನ್ನು ಹುಡುಕಿಸಿ ಮೊತ್ತ ಹಾಕಿಸಿದೆ. ಈ ಸಾಲಿಗೆ ಬಂದದ್ದು: 12 ಚೀಲ ಚಾಲಿಗೆ ಒಂದು ಓದಿನಲ್ಲಿ ಚೀಲಕ್ಕೆ 10, ಇನ್ನೊಂದರಲ್ಲಿ ಏನೂ ಇಲ್ಲ, 12 ಚೀಲ ಬೆಟ್ಟೆಗೆ ಸರೀ ಉಲ್ಟಾ.

ಮಾವ ಕನ್ನಡಕ ಏರಿಸಿ ನೋಡಿದರು. 'ಇದ್ರಲ್ಲಿ ಕೇಳದು ಎಂತ ಇದ್ದು? ಚಾಲಿ ಅಲ್ದಿದ್ರೆ ಹತ್ತು.'

ಅಂದರೆ ಶಿಫ್ಟ್ ಹಿಡಿದದ್ದಕ್ಕೆ ಪೂರ್ತಿ ಉಲ್ಟಾ. ಪರಿಹಾರವೂ ಅವರ ಬಾಯಲ್ಲೇ ಬಂದಿತ್ತು. ಬರಿಯ 'ಇಲ್ಲದಿದ್ದರೆ'ಯನ್ನು ಗ್ರಾಮರಿನಿಂದ ತೆಗೆದುಹಾಕಿದೆ. 'ಆದರೆ'ಗೆ ಎದುರಾಗಿ 'ಅಲ್ಲದಿದ್ದರೆ', 'ಮೀರಿದರೆ'ಗೆ ಎದುರಾಗಿ 'ಮೀರದಿದ್ದರೆ'. ಯಾವುದು ಯಾವುದರ ಜೋಡಿ ಎಂದು ಸಾಲೇ ಹೇಳುತ್ತದೆ, ಬ್ರಾಕೆಟ್ಟೂ ಬೇಡ, 'ಮುಗಿಯಿತು' ಎಂಬ ಪದವೂ ಬೇಡ. ಒಂದರೊಳಗೊಂದು ಎರಡು 'ಮೀರಿದರೆ' ಬಂದರೆ ಮತ್ತೆ ಗೊಂದಲವಾಗುತ್ತದಲ್ಲ? ಅದಕ್ಕೆ ಹೊರಗೆ ಮಾಲು, ಒಳಗೆ ಚೀಲದ ಸಂಖ್ಯೆ ಎಂದು ಎರಡೇ ಹಂತ ಇಟ್ಟೆ. ಅದಕ್ಕಿಂತ ಆಳದ ನಿಯಮ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಎಲ್ಲ ಎರಡರ್ಥವೂ ಹೀಗೆ ಕೇಳಬೇಕಾದದ್ದಲ್ಲ. 'ಮತ್ತು' ಹಾಕಿ 4 ಷರತ್ತು ಜೋಡಿಸಿದರೆ 5 ಮರ, 5 ಷರತ್ತಿಗೆ 14 ಮರ. ಉತ್ತರ ಮಾತ್ರ ಎಲ್ಲದಕ್ಕೂ ಒಂದೇ. ಈ ಗದ್ದಲದಲ್ಲಿ ನಿಜವಾದ ಪ್ರಶ್ನೆ ಮುಚ್ಚಿಹೋಗುತ್ತದೆ, ಆದ್ದರಿಂದ ಅಂಥ ರೂಲುಗಳನ್ನು ಎಡದಿಂದ ಕಟ್ಟುವ ಹಾಗೆ ಮೊದಲೇ ತಿದ್ದಿಡುವುದು ಒಳ್ಳೆಯದು.

ನೋಟ್‌ಬುಕ್ಕಿನಲ್ಲಿ ಇಲ್ಲದ ಸಾಲಿನ ಗತಿ? ಯಾವುದೇ ಗ್ರಾಮರ್ ಕೊಟ್ಟರೂ ಎರಡರ್ಥ ಇದೆಯೇ ಇಲ್ಲವೇ ಎಂದು ತಪ್ಪದೆ ಹೇಳುವ ಪ್ರೋಗ್ರಾಂ ಸಾಧ್ಯವಿಲ್ಲವೆಂದು 1962ರಲ್ಲೇ ಸಾಬೀತಾಗಿದೆ. ಆದರೆ ಎಲ್‌ಎಎಲ್‌ಆರ್ ಟೇಬಲ್ ಜಗಳವಿಲ್ಲದೆ ಕಟ್ಟಲು ಬಂದರೆ ಆ ಗ್ರಾಮರಿಗೆ ಎರಡರ್ಥವಿಲ್ಲ, ಅಷ್ಟಂತೂ ಖಾತ್ರಿ. ಆದ್ದರಿಂದ ದಿನದ ಬಳಕೆಗೆ ಎಲ್‌ಎಎಲ್‌ಆರ್, ಜೊತೆಗೆ 'ಸ್ಟ್ರಿಕ್ಟ್' ಹಚ್ಚಿಟ್ಟಿದ್ದೇನೆ. ಶಿಫ್ಟ್-ರೆಡ್ಯೂಸ್ ಬಂದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಜಗಳ ಇದೆ, ಆದರೆ ಯಾವ ಸಾಲಿನಿಂದ ಎಂದು ಹೊಳೆಯದಾಗ ಅದೇ ಗ್ರಾಮರನ್ನು ಪಾರ್ಸರ್ ಕೋಡ್ ಬರೆದುಕೊಡುವ ಸಾಧನವಾದ ಬೈಸನ್‌ಗೆ ಬರೆದು ಕೊಡುತ್ತೇನೆ. 2020ರ 3.7ನೇ ಆವೃತ್ತಿಯಿಂದ ಬೈಸನ್ ಎರಡು ರೀತಿ ಓದಲು ಬರುವ ಉದಾಹರಣೆ ಸಾಲನ್ನೇ ಕಟ್ಟಿ ತೋರಿಸುತ್ತದೆ. ಕೋಡಿಗಾಗಿ ಅಲ್ಲದೆ ಬರೀ ಆ ಉದಾಹರಣೆಗಾಗಿ ಬೈಸನ್ ಓಡಿಸುವುದು ವಿಚಿತ್ರವೇ, ಆದರೆ ಗಂಟೆಗಟ್ಟಲೆ ಉಳಿಯುತ್ತದೆ.

'ಅಥವಾ', 'ಮತ್ತು' ಬೆರೆತಾಗ ಏನು ಮಾಡುವುದು ಎಂಬುದು ಕೊನೆಗೆ ಉಳಿಯಿತು. 'ಚಾಲಿ ಅಥವಾ ಬೆಟ್ಟೆ ಮತ್ತು ಚೀಲ 20 ಮೀರಿದರೆ ಹಮಾಲಿ 8.' ಪ್ರೋಗ್ರಾಮಿಂಗ್ ಭಾಷೆಗಳ ರೂಢಿಯಂತೆ 'ಮತ್ತು' ಬಿಗಿ, ಅಂದರೆ ಅದು ಮೊದಲು ಕೂಡಿಕೊಳ್ಳುತ್ತದೆ; ಚಾಲಿ ಎಷ್ಟೇ ಚೀಲವಿದ್ದರೂ 8 ಆಗುತ್ತದೆ. ಮಾವನ ಪ್ರಕಾರ 20 ಮೀರಬೇಕಾದದ್ದು ಎರಡೂ ಮಾಲು. ನಾನು ಯಾರ ಪರವೂ ವಹಿಸಲಿಲ್ಲ. ಗ್ರಾಮರನ್ನು ಸಡಿಲ ಬಿಟ್ಟು ಬೆರಕೆ ಸಾಲನ್ನು ಓದಿಸಿಕೊಳ್ಳುತ್ತೇನೆ, ಮರ ಕೈಗೆ ಬಂದ ಮೇಲೆ ತಡೆದು ಎರಡೂ ಓದನ್ನು ಮೊತ್ತದ ಸಮೇತ ತೋರಿಸಿ, ಬ್ರಾಕೆಟ್ ಹಾಕಿ ಎನ್ನುತ್ತೇನೆ. ಗ್ರಾಮರಿನಲ್ಲೇ ನಿಷೇಧಿಸಿದ್ದರೆ ಬರೀ 'ಇಲ್ಲಿ ಮತ್ತು ಬರುವಂತಿಲ್ಲ' ಎಂದಷ್ಟೇ ಹೇಳಲು ಆಗುತ್ತಿತ್ತು. ಮಾವ ಬ್ರಾಕೆಟ್ ಹಾಕುವುದಿಲ್ಲ; ಆ ಸೂಚನೆ ಬಂದಾಗಲೆಲ್ಲ ಚಾಲಿಗೊಂದು, ಬೆಟ್ಟೆಗೊಂದು ಎಂದು ಸಾಲನ್ನೇ ಎರಡು ಮಾಡಿಬಿಡುತ್ತಾರೆ.