ಕಂಪನಿ ಬೆಳೆಯುವಾಗ ಸಿಇಒ ಗಮನ ಎಲ್ಲಿರಬೇಕು?

ಐದು ಜನರಿರುವ ಕಂಪನಿಯಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳನ್ನು ಎಣಿಸಿದರೆ 10 ಆಗುತ್ತವೆ. ಜನ 10 ಆದಾಗ ಅವು 45, 50 ಆದಾಗ 1,225. ಆರಂಭದಲ್ಲಿ ಎಲ್ಲರೊಂದಿಗೂ ನೇರವಾಗಿ ಮಾತನಾಡಿ ಕೆಲಸ ಸಾಗಿಸಿದ ಮುಖ್ಯಸ್ಥರು ಆ ಪದ್ಧತಿಯನ್ನೇ ಮುಂದುವರಿಸಿದರೆ, ಸಣ್ಣಪುಟ್ಟ ತೀರ್ಮಾನಗಳೂ ಅವರ ಒಪ್ಪಿಗೆಗಾಗಿ ದಿನಗಟ್ಟಲೆ ಕಾಯತೊಡಗುತ್ತವೆ. ಹೆಚ್ಚು ಹೊತ್ತು ದುಡಿದು ಇದನ್ನು ನೀಗಿಸಲಾಗದು. ಯಾವ ತೀರ್ಮಾನ ಯಾರದು ಎಂಬುದನ್ನೇ ಹೊಸದಾಗಿ ಹಂಚಬೇಕಾಗುತ್ತದೆ.

ಮೊದಲು ನಿಮ್ಮ ಕ್ಯಾಲೆಂಡರನ್ನು ತೆರೆದು, ಕಳೆದ ನಾಲ್ಕು ವಾರಗಳ ಪ್ರತಿ ಸಭೆಯ ಮುಂದೆ ‘ನಾನು ಇರದಿದ್ದರೆ ಇಲ್ಲಿ ಏನು ನಿಲ್ಲುತ್ತಿತ್ತು?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ‘ಏನೂ ಇಲ್ಲ’ ಎಂದು ಬಂದ ಸಭೆಗಳಿಂದ ಹೊರಬನ್ನಿ. ‘ಎಲ್ಲವೂ’ ಎಂದು ಬಂದ ಸಭೆಗಳು ಇನ್ನೂ ಗಂಭೀರವಾದವು, ಏಕೆಂದರೆ ಅಲ್ಲಿ ಹೊಣೆ ಹೊರಬೇಕಾದ ಮತ್ತೊಬ್ಬರು ಇನ್ನೂ ತಯಾರಾಗಿಲ್ಲ ಎಂದರ್ಥ.

ತೀರ್ಮಾನಗಳನ್ನು ಹಂಚುವಾಗ, ತಪ್ಪಿದರೆ ಸುಲಭವಾಗಿ ಸರಿಪಡಿಸಬಹುದಾದವು ಮತ್ತು ಒಮ್ಮೆ ಕೈಗೊಂಡರೆ ಹಿಂದಿರುಗಲಾಗದವು ಎಂಬ ವಿಂಗಡಣೆ ಬಹಳ ಉಪಯುಕ್ತ. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ ಪತ್ರದಲ್ಲಿ ಇದನ್ನು ವಿವರಿಸಿದ್ದಾರೆ. ಎರಡನೆಯ ಬಗೆಯವನ್ನು ಮಾತ್ರ ನಿಮ್ಮಲ್ಲಿ ಇಟ್ಟುಕೊಂಡು, ಮೊದಲನೆಯವನ್ನು ಬರಹದಲ್ಲಿಯೇ ಬಿಟ್ಟುಕೊಡಿ. ಉದಾಹರಣೆಗೆ: ‘ಶೇ 15ರವರೆಗಿನ ರಿಯಾಯಿತಿಯನ್ನು ಮಾರಾಟ ವಿಭಾಗದ ಮುಖ್ಯಸ್ಥರು ತೀರ್ಮಾನಿಸುತ್ತಾರೆ, ಅದಕ್ಕಿಂತ ಹೆಚ್ಚಾದರೆ ಹಣಕಾಸು ಮುಖ್ಯಸ್ಥರ ಒಪ್ಪಿಗೆಯೂ ಬೇಕು, ನನಗೆ ತಿಂಗಳ ಕೊನೆಯ ವರದಿ ಸಾಕು.’ ಇಷ್ಟು ಬರೆದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ದೊಡ್ಡ ಗ್ರಾಹಕರೊಬ್ಬರು ನಿಮಗೇ ಕರೆ ಮಾಡಿ ಶೇ 12ರ ರಿಯಾಯಿತಿ ಕೇಳಿದಾಗ ನೀವು ‘ಆಗಲಿ’ ಎಂದುಬಿಟ್ಟರೆ, ಮಾರಾಟ ಮುಖ್ಯಸ್ಥರ ಅಧಿಕಾರ ಕಾಗದದಲ್ಲಷ್ಟೇ ಉಳಿಯುತ್ತದೆ ಮತ್ತು ಮುಂದಿನ ಗ್ರಾಹಕರೂ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಕರೆಯನ್ನು ಅವರಿಗೇ ವರ್ಗಾಯಿಸಿ, ಅವರ ತೀರ್ಮಾನ ನಿಮ್ಮ ಮನಸ್ಸಿಗೆ ಒಪ್ಪದಿದ್ದರೂ ಗ್ರಾಹಕರ ಮುಂದೆ ಅದನ್ನು ಬದಲಿಸಬೇಡಿ.

ಗುರಿಗಳ ವಿಷಯದಲ್ಲಿ ಕೈಬಿಡುವುದೇ ಕಷ್ಟದ ಭಾಗ. 1997ರಲ್ಲಿ ಆ್ಯಪಲ್‌ಗೆ ಮರಳಿದ ಸ್ಟೀವ್ ಜಾಬ್ಸ್ ಹಲವಾರು ಉತ್ಪನ್ನಗಳನ್ನು ನಿಲ್ಲಿಸಿ, ಸಾಮಾನ್ಯ ಬಳಕೆದಾರರಿಗೂ ವೃತ್ತಿಪರರಿಗೂ ತಲಾ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಎಂಬ ನಾಲ್ಕರ ಮೇಲೆ ಕಂಪನಿಯ ಗಮನವನ್ನು ತಂದು ನಿಲ್ಲಿಸಿದರು. ನೀವೂ ಮೂರು ತಿಂಗಳಿಗೊಮ್ಮೆ ಗುರಿಗಳನ್ನು ಪ್ರಕಟಿಸುವಾಗ, ಈ ಅವಧಿಯಲ್ಲಿ ಕೈ ಹಾಕದ ಕೆಲಸಗಳ ಪಟ್ಟಿಯನ್ನೂ ಜೊತೆಗೇ ಪ್ರಕಟಿಸಿ.

ಇನ್ನು ವಿಭಾಗ ಮುಖ್ಯಸ್ಥರ ತಂಡ. ಅನೇಕ ಕಂಪನಿಗಳಲ್ಲಿ ಇದು ಹೆಸರಿಗಷ್ಟೇ ತಂಡ: ಪ್ರತಿಯೊಬ್ಬರೂ ಸರದಿಯಂತೆ ತಮ್ಮ ವರದಿಯನ್ನು ಸಿಇಒಗೆ ಒಪ್ಪಿಸುತ್ತಾರೆ, ಉಳಿದವರು ಫೋನ್ ನೋಡುತ್ತಾ ಕೂರುತ್ತಾರೆ. ವರದಿಗಳನ್ನು ಹಿಂದಿನ ದಿನವೇ ಬರಹದಲ್ಲಿ ತರಿಸಿಕೊಂಡು, ಒಂದಕ್ಕಿಂತ ಹೆಚ್ಚು ವಿಭಾಗಗಳು ಸೇರಿ ಬಿಡಿಸಬೇಕಾದ ಎರಡು ಮೂರು ಸಮಸ್ಯೆಗಳಿಗೆ ಮಾತ್ರ ಸಭೆಯ ಸಮಯವನ್ನು ಮೀಸಲಿಡಿ. ನಿಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳಿ. ಮೊದಲೇ ಹೇಳಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ತಪ್ಪನ್ನು ಒಪ್ಪಿಕೊಳ್ಳಲು, ಪ್ರಶ್ನೆ ಕೇಳಲು ಹೆದರಬೇಕಿಲ್ಲದ ತಂಡಗಳು ಹೆಚ್ಚು ಕಲಿಯುತ್ತವೆ ಎಂಬುದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಕೆಟ್ಟ ಸುದ್ದಿ ತಂದವರಿಗೆ ನೀವು ಕೊಡುವ ಮೊದಲ ಪ್ರತಿಕ್ರಿಯೆಯನ್ನು ಉಳಿದವರೆಲ್ಲ ಗಮನಿಸುತ್ತಿರುತ್ತಾರೆ ಎಂಬುದು ನೆನಪಿರಲಿ.

ಸಭೆ ಮುಗಿಯುವ ಮುನ್ನ ಏನು ತೀರ್ಮಾನವಾಯಿತು, ಯಾರ ಹೊಣೆ, ಯಾವ ದಿನಾಂಕದೊಳಗೆ ಎಂಬುದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಒಂದು ಕೆಲಸಕ್ಕೆ ಎರಡು ಹೆಸರುಗಳಿದ್ದರೆ ಒಂದನ್ನು ಅಲ್ಲಿಯೇ ತೆಗೆಸಿ. ಮುಂದಿನ ಸಭೆ ಈ ಪಟ್ಟಿಯಿಂದಲೇ ಆರಂಭವಾಗಬೇಕು.