ಹೊಸಬರಿಗೆ ಮಾರ್ಗದರ್ಶಿ: ಊರಿಂದ ತಂದ ಸಿ.ಡಿ. ಇಲ್ಲಿ ತೆರೆಯದಿದ್ದರೆ

ಅಮೆರಿಕಕ್ಕೆ ಬಂದಿಳಿದವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಪಕ್ಕದಲ್ಲೇ ಸಿ.ಡಿ.ಗಳ ಒಂದು ಚೀಲವೂ ಇರುವುದುಂಟು. ಮದುವೆಯ ಡಿವಿಡಿ, ಮಕ್ಕಳಿಗೆ ಅ-ಆ-ಇ-ಈ ಕಲಿಸುವ ಸಿ.ಡಿ., ಅಪ್ಪ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹ. ಇಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಲು ಜಾಗವೇ ಇರುವುದಿಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ತಂದರೂ ಹಳೆಯ ಪ್ರೋಗ್ರಾಂ ಓಡುತ್ತದೆಂಬ ಭರವಸೆಯಿಲ್ಲ. ಬಹಳ ಹಳೆಯ, 16 ಬಿಟ್‌ನ ಪ್ರೋಗ್ರಾಂಗಳನ್ನಂತೂ ಈಗಿನ 64 ಬಿಟ್ ವಿಂಡೋಸ್ ತೆರೆಯುವುದೇ ಇಲ್ಲ. ಹಾಗಾಗಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ತೋರಿಕೆಯ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿಕೊಂಡು, ಅದರೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿ ನಡೆಸಬೇಕಾಗುತ್ತದೆ.

ಮದುವೆಯ ಡಿವಿಡಿಗೆ ಇಷ್ಟೆಲ್ಲ ಬೇಡ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ನೇರವಾಗಿ ನೋಡಿ. ಊರಿನ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಹಾಕಿದಾಗ ಮಾತ್ರ ಎಚ್ಚರ: ಯಾವ ದೇಶದ ಡ್ರೈವಿನಲ್ಲಿ ಓಡಬೇಕೆಂದು ಡಿವಿಡಿಗೆ ಹಾಕುವ ‘ರೀಜನ್’ ಸಂಖ್ಯೆ ಭಾರತದ್ದು 5, ಇಲ್ಲಿಯದು 1. ಡ್ರೈವಿನ ರೀಜನ್ ಬದಲಿಸಲೇ ಎಂದು ಕೇಳಿದರೆ ಅವಸರದಲ್ಲಿ ಒಪ್ಪಿಬಿಡಬೇಡಿ. ಐದು ಸಲ ಬದಲಿಸಿದ ಮೇಲೆ ಅದು ಅಲ್ಲಿಗೇ ಗಟ್ಟಿಯಾಗುತ್ತದೆ.

ಇನ್ನು ಎಕ್ಸ್‌ಪಿಯ ವಿಷಯ. ನಮ್ಮ ಮನೆಯಲ್ಲಿ ಮಗಳ ಅಕ್ಷರಮಾಲೆಯ ಸಿ.ಡಿ. ಹಾಕಿದಾಗ ಡ್ರೈವ್ ಗರ್ರೆಂದು ತಿರುಗಿತು, ಹಸಿರು ದೀಪ ಮಿನುಗಿತು, ಎಕ್ಸ್‌ಪಿಯಲ್ಲಿ ಮಾತ್ರ ‘ಡಿಸ್ಕ್ ಹಾಕಿ’ ಎಂಬ ಒಂದೇ ಮಾತು. ಎರಡು ಸಂಜೆ ಹೋಯಿತು. ಒಳಗಿನ ವಿಂಡೋಸ್‌ಗೆ ಕಾಣುವ ಡ್ರೈವ್ ಬರೀ ತೋರಿಕೆಯದು, ನಿಜವಾದ ಡ್ರೈವಿಗೆ ಅದನ್ನು ನಾವೇ ಜೋಡಿಸಬೇಕು ಎಂಬುದು ಆಮೇಲೆ ತಿಳಿಯಿತು.

ಮೊದಲು ಹೊರಗಿನ ಲ್ಯಾಪ್‌ಟಾಪಿನಲ್ಲೇ ಸಿ.ಡಿ. ತೆರೆಯುತ್ತದೆಯೇ ನೋಡಿ. ಅಲ್ಲೇ ತೆರೆಯದಿದ್ದರೆ ತೊಂದರೆ ಕೇಬಲ್ಲಿನದೋ ಸಿ.ಡಿ.ಯದೋ ಇರಬೇಕು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಅಲ್ಲಿ ತೆರೆದರೆ, ಆ ಕಿಟಕಿಗಳನ್ನೆಲ್ಲ ಮುಚ್ಚಿ, ವರ್ಚುವಲ್‌ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ, ಸಿ.ಡಿ. ಚಿತ್ರದ ಮೇಲೆ ಒತ್ತಿ ‘ಹೋಸ್ಟ್ ಡ್ರೈವ್’ ಆರಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗಿದೆ. ಹಾಡಿನ ಸಿ.ಡಿ. ಕೇಳಿಸದಿದ್ದರೆ ಒಳಗಿನ ಎಕ್ಸ್‌ಪಿಯನ್ನು ನಿಲ್ಲಿಸಿ, ಅಲ್ಲೇ ಇರುವ ‘ಪಾಸ್‌ಥ್ರೂ’ಗೆ ಟಿಕ್ ಹಾಕಿ. ಡ್ರೈವನ್ನು ಯುಎಸ್‌ಬಿ ಪಟ್ಟಿಯಿಂದಲೂ ಜೋಡಿಸಲು ಹೋಗಬೇಡಿ. ಎರಡು ದಾರಿ ಒಟ್ಟಿಗೆ ಹಿಡಿದರೆ ಒಂದೂ ಕೆಲಸ ಮಾಡದು. ವರ್ಚುವಲ್‌ಬಾಕ್ಸಿನ ಬದಲು ಅಂಥದ್ದೇ ವಿಎಂವೇರ್ ಬಳಸುವವರು ಡ್ರೈವಿನ ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಟೆಡ್’ ಟಿಕ್ ಆಗಿದೆಯೇ ನೋಡಲಿ. ಹೊರಗೆ ಲಿನಕ್ಸ್ ಇದ್ದರೆ ನಿಮ್ಮ ಖಾತೆಯನ್ನು ‘ಸಿಡಿರಾಮ್’ (cdrom) ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಈ ಮರು-ಲಾಗಿನ್ ಮರೆತು ಹಲವರು ಪರದಾಡಿದ್ದಾರೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ. ದಯವಿಟ್ಟು ಅದಕ್ಕೆ ಇಂಟರ್‌ನೆಟ್ ಕೊಡಬೇಡಿ, ನೆಟ್‌ವರ್ಕ್ ತೆಗೆದೇ ಬಳಸಿ.

ಸಿ.ಡಿ. ಒಮ್ಮೆ ತೆರೆದುಕೊಂಡಿತೆಂದರೆ ಅವತ್ತೇ ಅದರ ಐಎಸ್‌ಒ ಪ್ರತಿ (ಇಡೀ ಸಿ.ಡಿ.ಯ ನಕಲು ಒಂದೇ ಫೈಲಿನಲ್ಲಿ) ಮಾಡಿಡಿ. ಒಂದು ಸಿ.ಡಿ. 700 ಎಂಬಿಯಷ್ಟು, ಸಾಧಾರಣ ಡಿವಿಡಿ 4.7 ಜಿಬಿ, ಸಣ್ಣ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಆಮೇಲೆ ಸ್ಟೋರೇಜ್‌ನಲ್ಲಿ ಡ್ರೈವಿನ ಬದಲು ಆ ಫೈಲನ್ನೇ ಆರಿಸಿದರಾಯಿತು. ಮನೆಯಲ್ಲಿ ಬರೆದ ಸಿ.ಡಿ.ಗಳು ವರ್ಷ ಕಳೆದಂತೆ ಕೆಡುತ್ತವೆ. ಅಪ್ಪನ ಬರಹವಿರುವ ಸಿ.ಡಿ.ಯನ್ನೇ ಎಲ್ಲಕ್ಕಿಂತ ಮೊದಲು ಹಾಕಿ.